ಯಾರೂ ಆಡದ ನಡೆ

“ಓಪನಿಂಗ್ ಬರದೆ ಚೆಸ್ ಆಡೋಕೆ ಬಂದಿದೀಯಲ್ಲಪ್ಪಾ, ಪ್ಯಾಂಟು ಹಾಕ್ಕೊಳ್ದೆ ಮದುವೆ ಮನೆಗೆ ಬಂದ ಹಾಗಾಯ್ತು,” ಎಂದ ಕೋಚು.

ಇದನ್ನೇ ಪಕ್ಕಕ್ಕೆ ಕರೆದು ಹೇಳಿದ್ದರೆ ನುಂಗಿಕೊಳ್ಳಬಹುದಿತ್ತು. ಪಕ್ಕಕ್ಕೆ ಕರೆದು ಹೇಳುವ ಪೈಕಿಯವನಲ್ಲ ಕೋಚು. ಕ್ಲಬ್ಬಿನ ಕೋಣೆ ತುಂಬುವ ತನಕ ಕಾದ. ಗಂಟಲು ಸರಿಮಾಡಿಕೊಂಡ. ಮಕ್ಕಳನ್ನು ಕರೆದೊಯ್ಯಲು ಬಂದು ಗೋಡೆಗೊರಗಿ ನಿಂತಿದ್ದ ಅಪ್ಪ ಅಮ್ಮಂದಿರ ಕಡೆ ಒಮ್ಮೆ ಕಣ್ಣಾಡಿಸಿದ. ಆಮೇಲೆ ಹೇಳಿದ. ಮೊದಲು ನಕ್ಕವರು ಆ ಅಪ್ಪ ಅಮ್ಮಂದಿರೇ. ಅವರು ನಕ್ಕದ್ದು ನೋಡಿ ಮಕ್ಕಳು ನಕ್ಕವು. ಕ್ಲಬ್ಬಿಗೆ ಆಡಲು ಬರುವ ಹಲ್ಲು ಡಾಕ್ಟರು ಮೂಲೆಯಲ್ಲಿ ಫೋನು ನೋಡುತ್ತಿದ್ದರು, ಏನೂ ಕೇಳಿಸಿಕೊಂಡಿರಲಿಲ್ಲ. ಎಲ್ಲರೂ ನಗುತ್ತಿದ್ದಾರಲ್ಲ ಎಂದು ಅವರೂ ಒಂದಿಷ್ಟು ನಕ್ಕು ಮತ್ತೆ ಫೋನಿಗೆ ಬಗ್ಗಿದರು.

ಬೈಸಿಕೊಂಡವನನ್ನು ಕ್ಲಬ್ಬಿನವರು ರೆಕ್ಸಿನ್ ಎಂದು ಕರೆಯುತ್ತಿದ್ದರು. ಗಾಡಿಗಳ ಸೀಟಿಗೆ ಕವರು ಹೊಲಿಯುವುದು ಅವನ ಕೆಲಸ. ಅವತ್ತು ಮಧ್ಯಾಹ್ನವೆಲ್ಲ ಅದೇ ಕೋಣೆಯಲ್ಲಿ ಮೊಣಕಾಲೂರಿ ಕೂತು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಕ್ಲಬ್ಬಿನ ಹರಕು ಕುರ್ಚಿಗಳಿಗೆಲ್ಲ ಹೊಸ ಫೋಮು ತುಂಬಿ ಹೊಸ ಬಟ್ಟೆ ಎಳೆದು ಕೂರಿಸಿದ್ದ. ಈಗ ಕೂತು ನಕ್ಕವರೆಲ್ಲ ಕೂತದ್ದು ಅವನ ಹೊಲಿಗೆಯ ಮೇಲೆಯೇ.

ಆಗಿದ್ದು ಇಷ್ಟು. ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಕೋಚಿನ ಶಿಷ್ಯನೊಬ್ಬನ ಎದುರು ಒಂದಾಟಕ್ಕೆ ಕೂತಿದ್ದ. ಆ ಶಿಷ್ಯ ಯೋಚನೆ ಮಾಡಲೇ ಇಲ್ಲ. ಟೈಪು ಹೊಡೆದ ಹಾಗೆ ಟಕಟಕ ನಡೆ ಇಟ್ಟ. ರೆಕ್ಸಿನ್‌ಗೆ ಓಪನಿಂಗ್, ಅಂದರೆ ಆಟದ ಮೊದಲ ಭಾಗ, ಯಾವತ್ತೂ ಕತ್ತಲೆ ಕೋಣೆ. ರಾಣಿಯನ್ನು ಬೇಗ ಹೊರಗೆ ತಂದ, ಅದನ್ನು ಅಟ್ಟಿಸಿಕೊಂಡು ಎದುರಿನ ಕುದುರೆ ಒಂಟೆಗಳೆಲ್ಲ ಬಂದವು. ಚಹಾ ಆರುವುದರೊಳಗೆ ಆಟ ಮುಗಿದಿತ್ತು.

“ಇವನಿಗೆ ನಾಲ್ಕನೇ ಬೋರ್ಡು ಬೇಕಂತೆ!” ಕೋಚು ಮಾತು ಮುಂದುವರಿಸಿದ. ಪಕ್ಕದ ಊರಿನ ಕ್ಲಬ್ಬಿನ ಜೊತೆ ಪಂದ್ಯ ಗೊತ್ತಾಗಿತ್ತು. ತಂಡಕ್ಕೆ ನಾಲ್ಕು ಜನ. ಮೂವರು ಕೋಚಿನ ಶಿಷ್ಯರೇ. ನಾಲ್ಕನೆಯ ಜಾಗ ಮಾತ್ರ ಖಾಲಿ. “ಆಯ್ತಪ್ಪಾ, ನಾನೇನು ಕಲ್ಲು ಮನಸ್ಸಿನವನಲ್ಲ. ಮುಂದಿನ ತಿಂಗಳು ನೀನೂ ಡಾಕ್ಟರೂ ಒಂದಾಟ ಆಡಿ. ಗೆದ್ದವರು ತಂಡಕ್ಕೆ. ಸಮ ಆದ್ರೆ ನಾನು ಹೇಳಿದವರು. ಅಷ್ಟರೊಳಗೆ ಪ್ಯಾಂಟು ಹಾಕ್ಕೊಂಡ್ ಬಾ.”

ಮತ್ತೊಂದು ಸುತ್ತು ನಗು. ರೆಕ್ಸಿನ್ ತನ್ನ ಚೀಲ ಎಳೆದುಕೊಂಡ. ಸುತ್ತಿಗೆ, ಇಕ್ಕಳ, ಬಾಗಿದ ಸೂಜಿ ಎಲ್ಲ ಚೀಲಕ್ಕೆ ತುಂಬತೊಡಗಿದ. ಆಗ ಕೋಚು ಅವನ ಕೈಗೆ ಒಂದು ದಪ್ಪ ಕವರು ಹಿಡಿಸಿದ. ಒಳಗೆ ಪ್ಲಾಸ್ಟಿಕ್ ಹೊದಿಸಿದ ಹಾಳೆಗಳು, ಹಾಳೆ ತುಂಬ ನಡೆಗಳು. ಕೋಚಿನ ‘ಓಪನಿಂಗ್ ಪ್ಯಾಕ್’. ಕ್ಲಾಸಿಗೆ ಸೇರುವ ಪ್ರತಿ ಮಗುವಿನ ಮನೆಯವರೂ ಕೊಳ್ಳಲೇಬೇಕಾದ ಸರಕು.

“ಕುರ್ಚಿ ಕೆಲಸಕ್ಕೆ ಇದೇ ಸಂಬಳ ಅಂತ ಇಟ್ಕೋ. ನಿಂಗೇ ಲಾಭ.”

ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ, ಸೈಕಲ್ ಅಂಗಡಿ ದಾಟಿದ ಮೇಲೆ ಉತ್ತರ ಹೊಳೆಯಿತು. ಪ್ಯಾಂಟು ಹೊಲಿಯೋದು ನಂಗೆ ಬರುತ್ತೆ ಕೋಚ್, ನಿಮಗೇನು ಬರುತ್ತೆ? ಎಷ್ಟು ಚೆನ್ನಾಗಿತ್ತು ಆ ಮಾತು! ವಾಪಸು ಹತ್ತಿ ಹೋಗಿ ಹೇಳಿಬಿಡಲೇ ಎನ್ನಿಸಿತು. ಮೆಟ್ಟಿಲ ತನಕ ಹೋಗಿ, ಇನ್ನು ಹೇಳಿದರೆ ಇನ್ನೊಮ್ಮೆ ನಗೆಪಾಟಲು ಎಂದು ತಿರುಗಿದ.

ನಾಲ್ಕನೇ ಬೋರ್ಡು ಎಂದರೆ ಯಾವ ದೊಡ್ಡ ಸಿಂಹಾಸನವೂ ಅಲ್ಲ. ಅಲ್ಲಿ ಕೂತವನಿಗೆ ಸಿಗುವುದು ಬಾಗಿಲ ಬಳಿಯ ಮೇಜು, ಫ್ಯಾನಿನ ಗಾಳಿ ತಾಗದ ಜಾಗ. ಆದರೆ ಅವನನ್ನು ಯಾರೂ ಯಾವತ್ತೂ ಯಾವುದಕ್ಕೂ ಆರಿಸಿದ್ದಿಲ್ಲ. ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಲು ಎದ್ದು ನಿಂತಾಗಲೆಲ್ಲ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಒಂದು ದಿನ ಹಾಗೆ ನಿಂತವನು ಕೂರದೆ, ಚೀಲವನ್ನೂ ಎತ್ತಿಕೊಳ್ಳದೆ ಹೊರಗೆ ನಡೆದವನು ಮತ್ತೆ ಆ ಕಡೆ ತಲೆಹಾಕಲಿಲ್ಲ. ನಾಲ್ಕು ಜನರ ಎದುರು ‘ಇವನು ನಮ್ಮವನು, ಆಡಬಲ್ಲ’ ಎಂದು ಒಬ್ಬ ಹೇಳಬೇಕು. ಅದೊಂದು ಅವನಿಗೆ ಬೇಕಿತ್ತು. ಹೇಳುವವನು ಕೋಚೇ ಆದರೆ ಇನ್ನೂ ಒಳ್ಳೆಯದು.

ಅಂಗಡಿ ಅಕ್ಕ ಭಾವಂದಿರದು. ಭಾವ ಅಳತೆ ತೆಗೆದು ಬಟ್ಟೆ ಕತ್ತರಿಸುವವರು, ಅಕ್ಕ ಮೆಷಿನ್ನಿನ ಮೇಲೆ, ರೆಕ್ಸಿನ್ ಕೈಹೊಲಿಗೆಗೆ ಮತ್ತು ಸೀಟು ಕೂರಿಸುವುದಕ್ಕೆ. ಒಳಗೆ ಗೋಂದಿನ ವಾಸನೆ. ಎಷ್ಟು ಗುಡಿಸಿದರೂ ಫೋಮಿನ ಪುಡಿ ಹುಬ್ಬಿನ ಮೇಲೆ ಹಿಟ್ಟಿನ ಹಾಗೆ ಕೂತೇ ಇರುತ್ತಿತ್ತು. ಊಟದ ಹೊತ್ತಿಗೆ ಕತ್ತರಿಸುವ ಮೇಜಿನ ಒಂದು ತುದಿ ಖಾಲಿ ಮಾಡಿ ಅಕ್ಕ ತಮ್ಮ ಚೆಸ್ ಹಾಸುವುದು ರೂಢಿ.

ಅವರಿಬ್ಬರೂ ಕಲಿತ ರೀತಿಯೇ ಬೇರೆ. ಅಪ್ಪ ಎಲ್ಲಿಂದಲೋ ತಂದ ಹಳೇ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಕಾಯಿಗಳೇ ಇರಲಿಲ್ಲ. ಎರಡು ರಾಜ, ಕೈಬೆರಳೆಣಿಕೆಯ ಕಾಲಾಳುಗಳು, ಒಂದು ಒಂಟೆ, ಕಿವಿ ಮುರಿದ ಒಂದು ಕುದುರೆ. ಇದ್ದದ್ದರಲ್ಲೇ ಅಪ್ಪ ಆಡಿಸಿದರು. ಹೀಗಾಗಿ ಇಬ್ಬರಿಗೂ ಆಟ ಎಂದರೆ ಆಟದ ಬಾಲ: ರಾಜ ಯಾವ ಕಡೆಯಿಂದ ಹೋಗಬೇಕು, ಕಾಲಾಳು ಓಡಿದರೆ ಯಾರ ಕೈಗೆ ಸಿಗುತ್ತದೆ. ಪೂರ್ತಿ ಕಾಯಿಗಳ ಪೆಟ್ಟಿಗೆ ಕೊಂಡದ್ದು ದೊಡ್ಡವರಾದ ಮೇಲೆ. ಆಗ ಅಷ್ಟೊಂದು ಕಾಯಿ ನೋಡಿ ಅಕ್ಕ, “ಇಷ್ಟು ಜನ ಯಾಕೆ ಬಂದಿದಾರೆ? ಜಗಳ ಮಾಡೋರು ಇಬ್ಬರೇ ತಾನೆ?” ಎಂದಿದ್ದಳು.

ಪ್ಯಾಕಿನ ಹಾಳೆಗಳನ್ನು ತಿರುವಿ ನೋಡಿದವಳೂ ಅವಳೇ.

“ಏನಿದು, ರೈಲಿನ ವೇಳಾಪಟ್ಟಿಯಾ?”

“ಓಪನಿಂಗು. ನಾನು ಹೀಗೆ ಆಡಿದ್ರೆ ಅವರು ಹೀಗೆ ಆಡ್ತಾರೆ, ಆಮೇಲೆ ನಾನು ಹೀಗೆ.”

“ಅವರು ಹೀಗೇ ಆಡ್ತಾರೆ ಅಂತ ಅವರಿಗೆ ಯಾರು ಹೇಳಿದಾರೆ?”

“ಅದೇ ಸರಿಯಾದ ನಡೆ ಅಕ್ಕಾ. ಎಲ್ಲ ಹಾಗೇ ಆಡೋದು.”

“ಕುರ್ಚಿ ಹೊಲಿದದ್ದಕ್ಕೆ ಇದನ್ನ ಕೊಟ್ರಾ?” ಎಂದರು ಭಾವ, ಕತ್ತರಿ ನಿಲ್ಲಿಸದೆ. “ಪ್ಲಾಸ್ಟಿಕ್ ಚೆನ್ನಾಗಿದೆ. ಗೋಂದು ಕಲಸೋಕೆ ಆಗುತ್ತೆ.”

ಅಂದಿನಿಂದ ರೆಕ್ಸಿನ್ ಬಾಯಿಪಾಠಕ್ಕೆ ಬಿದ್ದ. ಬಾಯಿಪಾಠಕ್ಕೆ ಹೆದರಿ ಶಾಲೆ ಬಿಟ್ಟವನು! ಬಾಗಿದ ಸೂಜಿ ಫೋಮಿನೊಳಗೆ ಹೋಗುವಾಗ ಒಂದು ನಡೆ, ಹೊರಬರುವಾಗ ಇನ್ನೊಂದು. ರಾಣಿಯ ಮುಂದಿನ ಕಾಲಾಳು ಎರಡು ಮನೆ. ಅವರೂ ಎರಡು ಮನೆ. ಪಕ್ಕದ ಕಾಲಾಳು ಎರಡು ಮನೆ. ಅವರು ಒಂದು ಮನೆ. ಕುದುರೆ. ಅವರ ಕುದುರೆ. ಒಂಟೆ ಉದ್ದಕ್ಕೆ ಹೋಗಿ ಅವರ ಕುದುರೆಯ ನೆತ್ತಿಯ ಮೇಲೆ. ಅವರ ಒಂಟೆ ಒಂದು ಮನೆ. ನನ್ನ ನಡು ಕಾಲಾಳು ಒಂದು ಮನೆ. ದಾರ ಗಂಟು ಹಾಕಿ ಕಡಿಯುವಾಗ ಹಾಳೆಯ ಒಂದು ಸಾಲು ಮುಗಿದಿರಬೇಕು. ಒಂದು ವ್ಯಾನಿನ ಸೀಟಿಗೆ ಹಾಳೆಯ ಅರ್ಧ ಎಂದು ಲೆಕ್ಕ ಇಟ್ಟುಕೊಂಡ. ಒಂಟೆ ಅಲ್ಲಿಗೆ ಯಾಕೆ ಹೋಗಬೇಕು ಎಂದು ಹಾಳೆಯಲ್ಲಿ ಬರೆದಿರಲಿಲ್ಲ. ಅವನೂ ಕೇಳಲಿಲ್ಲ.

ಅದರ ಜೊತೆಗೇ ಇನ್ನೊಂದು ಬಾಯಿಪಾಠವೂ ನಡೆದಿತ್ತು. ಕೋಚು ಮತ್ತೆ ಪ್ಯಾಂಟಿನ ಮಾತೆತ್ತಿದರೆ ಹೀಗೆ ಹೇಳಬೇಕು. ಅದಕ್ಕವನು ನಕ್ಕರೆ ಹೀಗೆ. ‘ತಮಾಷೆ ಮಾಡಿದೆ’ ಎಂದರೆ, ‘ನಾನೂ ತಮಾಷೆ ಮಾಡ್ಲಾ?’ ಎನ್ನಬೇಕು. ಶಾಲೆಯ ಮಾತೆತ್ತಿದರೆ? ಅದಕ್ಕೂ ಒಂದು ಇತ್ತು; ಅದಂತೂ ಹಸಿಮೆಣಸಿನಕಾಯಿ. ಕಿವಿಯ ಹತ್ತಿರ ಬಂದು ಕೇಳಿದ್ದರೆ, ಆ ದಿನಗಳಲ್ಲಿ ರೆಕ್ಸಿನ್ ಹೊಲಿಯುತ್ತ ಗೊಣಗುವುದು ಚೆಸ್ಸೋ ಜಗಳವೋ ಎಂದು ಗೊತ್ತಾಗುತ್ತಿರಲಿಲ್ಲ.

ಕ್ಲಬ್ಬಿಗೆ ಹೋದರೆ ಅಲ್ಲಿ ಇನ್ನೊಂದು ಸೊಗಸು. ಒಳಕೋಣೆಯಲ್ಲಿ ಕೋಚಿನ ಕ್ಲಾಸು. ಮೇಜಿನ ಮೇಲೆ ಬೋರ್ಡೂ ಇಲ್ಲ, ಕಾಯಿಯೂ ಇಲ್ಲ. ಕೋಚು ಗೋಡೆಯ ಮೇಲೆ ಕೆಂಪು ಬೆಳಕಿನ ಚುಕ್ಕಿ ಓಡಿಸುತ್ತ ಕೂಗುವುದು, ಮಕ್ಕಳು ಒಟ್ಟಿಗೆ ಉತ್ತರ ಕೂಗುವುದು. “ಅವರು ಕುದುರೆ ಬಿಟ್ರೆ?” “ಒಂಟೆ!” “ಅವರು ಒಂಟೆ ಬಿಟ್ರೆ?” “ಕಾಲಾಳು!” ಕುದುರೆ ಹೇಗೆ ನಡೆಯುತ್ತದೆಂದೇ ಇನ್ನೂ ಗಟ್ಟಿಯಾಗಿ ಗೊತ್ತಿಲ್ಲದ ಒಂದು ಪುಟ್ಟ ಹುಡುಗಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ಹೊರಗೆ ಅವಳ ಅಪ್ಪ, ಅಂಗಿಯ ಜೇಬಿನಲ್ಲಿ ಪ್ಯಾಕಿನ ರಸೀತಿ, ಮುಖದಲ್ಲಿ ಮಗಳು ಆಗಲೇ ಗೆದ್ದು ಬಂದ ಕಳೆ. ಆಟದಲ್ಲಿ ಬಿದ್ದೆದ್ದ ಮೇಲೆ ತಾನೇ ದಾರಿ ಕೇಳಬೇಕಾದ್ದು. ಇಲ್ಲಿ ಹೊಸ್ತಿಲು ದಾಟುವ ಮೊದಲೇ ಊರಿನ ಬೀದಿಗಳ ಹೆಸರೆಲ್ಲ ಕಂಠಪಾಠ. ಇದಕ್ಕೆ ಅವರು ಇಟ್ಟ ಹೆಸರು ತರಬೇತಿ. ಮೊದಲಾಗಿದ್ದರೆ ರೆಕ್ಸಿನ್ ಮೂಗು ಮುರಿದು ದಾಟಿಹೋಗುತ್ತಿದ್ದ. ಈಗ ಬಾಗಿಲ ಸಂದಿಯಲ್ಲಿ ನಿಂತು, ತುಟಿ ಅಲ್ಲಾಡಿಸುತ್ತ, ತಾನೂ ಉತ್ತರ ಕೊಡುತ್ತಿದ್ದ.

ಹಾಳೆ ಪಾಠವಾದ ಮೇಲೆ ಅಕ್ಕನ ಮೇಲೆ ಪ್ರಯೋಗ. ಊಟದ ಡಬ್ಬಿ ಪಕ್ಕಕ್ಕಿಟ್ಟು ಕೂತರು. ಮೊದಲ ನಡೆಗಳು ಹೇಗೋ ಹಾಳೆಯಂತೆಯೇ ಹೋದವು, ಯಾಕೆಂದರೆ ಪ್ರತಿ ನಡೆಗೂ ಮುಂಚೆ ಅವನೇ “ಈಗ ಕುದುರೆ ಬಿಡು”, “ಈಗ ಆ ಕಾಲಾಳು” ಎಂದು ಹೇಳಿಕೊಡುತ್ತಿದ್ದ. ಅವನ ಒಂಟೆ ಉದ್ದಕ್ಕೆ ಹೋಗಿ ಅಕ್ಕನ ಕುದುರೆಯ ನೆತ್ತಿಯ ಮೇಲೆ ಕೂತಿತು. ಅಕ್ಕ ಒಂದು ತುತ್ತು ಬಾಯಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಅಂಚಿನ ಕಾಲಾಳನ್ನು ಒಂದು ಮನೆ ಮುಂದೆ ನೂಕಿದಳು. ಅದು ಸೀದಾ ಅವನ ಒಂಟೆಯ ಮೂಗಿನ ಕೆಳಗೆ ಬಂತು.

“ಅದಲ್ಲ.”

“ಯಾಕೆ? ಆಡಬಾರದಾ?”

“ಆಡಬಹುದು. ಆದ್ರೆ ಅದನ್ನ ಯಾರೂ ಆಡಲ್ಲ. ಹಾಳೇಲಿ ಇಲ್ಲ.”

“ನಿನ್ನ ಒಂಟೆ ಬಂದು ನನ್ನ ತಲೆ ಮೇಲೆ ಕೂತಿದೆ. ಎದ್ದು ಹೋಗು ಅಂದೆ. ಅದಕ್ಕೂ ಹಾಳೆ ಬೇಕಾ?”

“ವಾಪಸ್ ತಗೋ ಅಕ್ಕಾ. ಒಂಟೆ ಒಂದು ಮನೆ ಆಡು.”

ಅಕ್ಕ ಅವನ ಮುಖ ನೋಡಿ, ಕಾಲಾಳನ್ನು ಹಿಂದಕ್ಕಿಟ್ಟು, ಒಂಟೆ ಆಡಿದಳು. ಮಾರನೆಯ ದಿನವೂ ಅದೇ ಜಾಗದಲ್ಲಿ ಅದೇ ಕಾಲಾಳು ನೂಕಿದಳು. “ವಾಪಸ್ ತಗೋ.” ಆಮೇಲಿನ ದಿನವೂ. ಅವಳಿಗೆ ಅದು ಹಟವಲ್ಲ. ಅಲ್ಲಿ ಕೈ ತಾನಾಗಿ ಆ ಕಾಲಾಳಿಗೆ ಹೋಗುತ್ತಿತ್ತು, ಸೊಳ್ಳೆ ಕೂತಲ್ಲಿಗೆ ಹೋದ ಹಾಗೆ. ಕೊನೆಗೊಂದು ದಿನ ರೆಕ್ಸಿನ್ ಸಿಟ್ಟು ನೆತ್ತಿಗೇರಿ ಅಂದುಬಿಟ್ಟ:

“ನಿಂಗೆ ಆಟದ ಗಂಧಗಾಳಿ ಇಲ್ಲ. ಪ್ಯಾಂಟಿಲ್ಲದೆ ಮದುವೆಗೆ ಬಂದೋರ ಹಾಗೆ ಆಡ್ತೀಯ!”

ಭಾವನ ಕತ್ತರಿ ನಿಂತಿತು. ಗಿರಾಕಿಯೊಬ್ಬ ಬಾಗಿಲಲ್ಲಿ ಗಾಡಿಯ ಸೀಟು ಹಿಡಿದು ನಿಂತಿದ್ದ. ಅವನೂ ಬೇರೆ ಕಡೆ ನೋಡಿದ.

ಅಕ್ಕ ಕೂಗಾಡಲಿಲ್ಲ. ಬೋರ್ಡನ್ನು ಓರೆ ಮಾಡಿ, ಕಾಯಿಗಳನ್ನೆಲ್ಲ ಸೀಮೆಸುಣ್ಣದ ಡಬ್ಬಿಗೆ ಸುರಿದು, ಮುಚ್ಚಳ ಹಾಕಿದಳು.

“ನೀನು ನನ್ನ ಜೊತೆ ಆಡ್ತಾನೇ ಇಲ್ವಲ್ಲೋ,” ಎಂದಳು. “ಇಲ್ಲಿ ಇಲ್ಲದೆ ಇರೋರ ಜೊತೆ ಆಡ್ತಿದೀಯ. ಅದಕ್ಕೆ ನನ್ನ ಕೈ ಯಾಕೆ? ಇಕ್ಕಳ ಇಟ್ಕೊಂಡು ಆಡು. ಅದು ಎದುರು ಮಾತಾಡಲ್ಲ.” ಆಮೇಲೆ ಗಿರಾಕಿಯ ಕಡೆ ತಿರುಗಿ, “ಬನ್ನಿ, ಯಾವ ಬಣ್ಣ ಹಾಕೋಣ?” ಎಂದಳು.

ಅಂದಿನಿಂದ ಊಟದ ಹೊತ್ತಿನ ಆಟ ನಿಂತಿತು. ಇದರಿಂದ ರೆಕ್ಸಿನ್‌ಗೆ ಬೇಸರವಾಯಿತೆ? ಆಯಿತು. ಆದರೂ, ಛೆ, ಅಕ್ಕನಿಗೆ ಓಪನಿಂಗಿನ ಗಾಂಭೀರ್ಯ ಎಲ್ಲಿ ತಿಳಿಯಬೇಕು ಎಂದು ಸಮಾಧಾನ ಮಾಡಿಕೊಂಡ. ಕೋಚಿನ ಗಾಳಿ ಅಷ್ಟು ಬೇಗ ಸೋಂಕುತ್ತದೆ.

ಆಟದ ಸಂಜೆ ಬಂತು. ರೆಕ್ಸಿನ್ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಹೋದ. ಕೋಚು ಅದನ್ನು ಗಮನಿಸಿ ಏನಾದರೂ ಅನ್ನಲಿ, ಆಗ ಇದೆ ಅವನಿಗೆ, ಎಂದು ನಾಲಿಗೆ ತುದಿಯಲ್ಲಿ ಮಾತು ಸಿದ್ಧವಾಗಿಟ್ಟುಕೊಂಡಿದ್ದ. ಕೋಚು ಗಮನಿಸಲೇ ಇಲ್ಲ. ಒಳಕೋಣೆಯಲ್ಲಿ ಕ್ಲಾಸು ಶುರುವಾಗಿತ್ತು. “ಶುರು ಮಾಡ್ಕೊಳ್ಳಿ, ನಡೆ ಬರೆದಿಡಿ, ಆಮೇಲೆ ಬಂದು ನೋಡ್ತೀನಿ,” ಎಂದು ಬಾಗಿಲು ಹಾಕಿಕೊಂಡ.

ಹಲ್ಲು ಡಾಕ್ಟರು ಆಸ್ಪತ್ರೆಯಿಂದ ಸೀದಾ ಬಂದಿದ್ದರು. ಕೈಗೆ ಔಷಧದ ವಾಸನೆ. ಅವರು ಕೋಚಿನ ಕ್ಲಾಸಿಗೂ ಹೋದವರಲ್ಲ, ಪ್ಯಾಕೂ ಕೊಂಡವರಲ್ಲ. ಎದುರಿಗೆ ಕಂಡದ್ದಕ್ಕೆ ಏನು ತೋಚುತ್ತದೋ ಅದನ್ನು ಆಡುವವರು. ಎಲ್ಲರನ್ನೂ ರೋಗಿಗಳೆಂದೇ ತಿಳಿದವರ ಹಾಗೆ, “ಆರಾಮಾಗಿ ಕೂತ್ಕೊಳ್ಳಿ. ಏನೂ ನೋವಾಗಲ್ಲ,” ಎಂದರು.

ರೆಕ್ಸಿನ್‌ಗೆ ಬಿಳಿ ಕಾಯಿ. ರಾಣಿಯ ಮುಂದಿನ ಕಾಲಾಳು ಎರಡು ಮನೆ. ಡಾಕ್ಟರೂ ಎರಡು ಮನೆ. ಪಕ್ಕದ ಕಾಲಾಳು. ಡಾಕ್ಟರು ಒಂದು ಮನೆ. ಕುದುರೆ, ಕುದುರೆ. ಎದೆಯಲ್ಲಿ ಹಕ್ಕಿ ಹಾರತೊಡಗಿತು. ಹಾಳೆ ಕಣ್ಣ ಮುಂದೆ ಓದಿದ ಹಾಗೆ ಬರುತ್ತಿದೆ! ಒಂಟೆಯನ್ನು ಉದ್ದಕ್ಕೆ ಕಳಿಸಿ ಡಾಕ್ಟರ ಕುದುರೆಯ ನೆತ್ತಿಯ ಮೇಲೆ ಕೂರಿಸಿದ. ಟಕ್ ಎಂದು ಸದ್ದು ಬರುವ ಹಾಗೆ ಕೂರಿಸಿದ. ಡಾಕ್ಟರ ಕೈ ಆ ಕಡೆಯಲ್ಲೇ ಎಲ್ಲೋ ಆಡಿತು. ಒಂಟೆ ಒಂದು ಮನೆ, ಮತ್ತಿನ್ನೇನು! ರೆಕ್ಸಿನ್ ತಡಮಾಡದೆ ನಡು ಕಾಲಾಳನ್ನು ಒಂದು ಮನೆ ಮುಂದಿಟ್ಟು, ಕೋಚಿನ ಶಿಷ್ಯರ ಹಾಗೆ ಕುರ್ಚಿಗೆ ಬೆನ್ನು ಚೆಲ್ಲಿ ಕೈಕಟ್ಟಿದ.

ಡಾಕ್ಟರು ಅವನ ಮುಖ ನೋಡಿದರು. ಬೋರ್ಡು ನೋಡಿದರು. ಮತ್ತೆ ಮುಖ ನೋಡಿದರು.

“ಖಂಡಿತಾನಾ?” ಎಂದರು, ಯಾವ ಹಲ್ಲು ಕೀಳಬೇಕು ಎಂದು ಕೇಳುವವರ ಹಾಗೆ.

ಆಗ ಅವನು ನೋಡಿದ. ಡಾಕ್ಟರು ಒಂಟೆ ಆಡಿರಲಿಲ್ಲ. ಅಂಚಿನ ಕಾಲಾಳನ್ನು ಒಂದು ಮನೆ ನೂಕಿದ್ದರು. ಅಕ್ಕನ ಕಾಲಾಳು. ಊಟದ ಹೊತ್ತಿನಲ್ಲೆಲ್ಲ ಬಂದು ಬಂದು ಒಂಟೆಯ ಮೂಗಿಗೆ ತಾಗಿದ ಅದೇ ಕಾಲಾಳು. ಅದು ಬಂದಾಗ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ, ಯಾಕೆಂದರೆ ಬಂದಾಗಲೆಲ್ಲ ಅವನೇ ಅದನ್ನು ಹಿಂದಕ್ಕೆ ಕಳಿಸಿದ್ದ. ಡಾಕ್ಟರಿಗೆ ‘ವಾಪಸ್ ತಗೊಳ್ಳಿ’ ಎನ್ನಲು ಬರುವುದಿಲ್ಲ. ಒಂಟೆಯನ್ನು ಒಂದು ಹೆಜ್ಜೆ ಹಿಂದೆ ತೆಗೆದುಕೊಂಡಿದ್ದರೆ ಮುಗಿದಿತ್ತು. ಕಣ್ಣಿದ್ದ ಯಾವ ಮಗುವಾದರೂ ತೆಗೆಯುತ್ತಿತ್ತು. ಅವನು ಉತ್ತರ ಕೊಟ್ಟದ್ದು ಡಾಕ್ಟರು ಆಡಿರದ ನಡೆಗೆ.

ಕಾಲಾಳು ಒಂಟೆಯನ್ನು ನುಂಗಿತು. ಡಾಕ್ಟರು ಅದನ್ನು ಎರಡು ಬೆರಳಲ್ಲಿ ಎತ್ತಿ, ಹುಳುಕು ಹಲ್ಲಿನ ಹಾಗೆ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು.

ರೆಕ್ಸಿನ್‌ನ ಕಿವಿ ಕಾದ ಇಸ್ತ್ರಿಯಾಯಿತು. ಮುಂದಿನ ಸಾಲೆಂದು ತಲೆಯಲ್ಲಿ ತುಂಬಿಕೊಂಡದ್ದೆಲ್ಲ ಈಗ ಯಾವ ಕೆಲಸಕ್ಕೂ ಬಾರದ ಕಸ. ಎದ್ದು ಹೋಗಿಬಿಡಲೇ ಎನ್ನಿಸಿತು. ಎದ್ದು ಹೋಗುವುದರಲ್ಲಿ ಅವನದು ಎತ್ತಿದ ಕೈ. ಆದರೆ ಒಳಕೋಣೆಯಿಂದ “ಅವರು ಒಂಟೆ ಬಿಟ್ರೆ?” “ಕಾಲಾಳು!” ಎಂದು ಮಕ್ಕಳು ಕೂಗಿದ್ದು ಕೇಳಿಸಿತು. ಎಂಥದೋ ಅಸಹ್ಯ ಉಕ್ಕಿಬಂತು. ಕೋಚಿನ ಮೇಲೆ ಅರ್ಧ, ತನ್ನ ಮೇಲೆ ಅರ್ಧ. ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಎಷ್ಟೋ ವಾರಗಳ ನಂತರ ಮೊದಲ ಸಲ, ಬೋರ್ಡಿನ ಮೇಲೆ ಏನಿದೆಯೋ ಅದನ್ನು ನೋಡಿದ.

ಏನಿದೆ? ಒಂದು ಒಂಟೆ ಕಡಿಮೆ ಇದೆ. ಸರಿ. ಕಾಯಿ ಕಡಿಮೆ ಇರುವ ಪೆಟ್ಟಿಗೆಯಲ್ಲಿ ಆಡಿಯೇ ಬೆಳೆದವನು.

ಡಾಕ್ಟರು ಮುಂದಿದ್ದೇನೆಂದು ಸಿಕ್ಕ ಸಿಕ್ಕ ಕಾಯಿಗಳನ್ನು ಬದಲಾಯಿಸುತ್ತ ಹೋದರು. ರೋಗಿಗಳು ಹೊರಗೆ ಕಾಯುತ್ತಿದ್ದಾರೆಂಬ ಹಾಗೆ ಅವಸರ. ಅವರ ರಾಣಿ ಹೋಯಿತು, ಇವನ ರಾಣಿಯೂ ಹೋಯಿತು. ಆನೆಗಳು ಹೋದವು. ಬೋರ್ಡು ಖಾಲಿಯಾದಷ್ಟೂ ರೆಕ್ಸಿನ್‌ನ ಉಸಿರು ಹದಕ್ಕೆ ಬಂತು. ಕತ್ತಲೆ ಕೋಣೆ ದಾಟಿ ಮನೆಯ ಹಿತ್ತಲಿಗೆ ಬಂದ ಹಾಗೆ. ಡಾಕ್ಟರ ಬಳಿ ಉಳಿದದ್ದು ಬಿಳಿ ಮನೆಗಳ ಮೇಲೆ ಓಡಾಡುವ ಒಂಟೆ, ಎರಡು ಕಾಲಾಳು. ಅವನ ಬಳಿ ಒಂದು ಕುದುರೆ. ಆ ಎರಡು ಕಾಲಾಳುಗಳಲ್ಲಿ ಒಂದು ಬೋರ್ಡಿನ ಅಂಚಿನಲ್ಲಿತ್ತು. ಅದು ರಾಣಿಯಾಗಬೇಕಾದ ಮೂಲೆಮನೆ ಕಪ್ಪು.

ಅಪ್ಪನ ಪೆಟ್ಟಿಗೆಯಲ್ಲಿ ಇದ್ದದ್ದೂ ಒಂದೇ ಒಂಟೆ. ಅಕ್ಕ ಎಷ್ಟು ಸಲ ಆ ಒಂಟೆ, ಆ ಅಂಚಿನ ಕಾಲಾಳು ಹಿಡಿದು ಅವನ ಒಂಟಿ ರಾಜನನ್ನು ಮೂಲೆಯಿಂದ ಎಬ್ಬಿಸಲು ನೋಡಿ, ಆಗದೆ, “ಏಳೋ ಸೋಮಾರಿ!” ಎಂದು ರಾಜನಿಗೇ ಬೈದಿದ್ದಳು! ಮೂಲೆಮನೆ ಒಂದು ಬಣ್ಣ, ಒಂಟೆ ಓಡಾಡುವುದು ಇನ್ನೊಂದು ಬಣ್ಣ ಎಂದಾದರೆ, ಮೂಲೆಯಲ್ಲಿ ಕೂತ ರಾಜನನ್ನು ಆ ಒಂಟೆ ಮುಟ್ಟಲಾರದು. ಎಬ್ಬಿಸಲೂ ಆಗದು, ಕೊಲ್ಲಲೂ ಆಗದು.

ಕುದುರೆಯನ್ನು ಕೊಟ್ಟು ಇನ್ನೊಂದು ಕಾಲಾಳನ್ನು ಹೊಡೆದ. ಡಾಕ್ಟರು “ಅಯ್ಯೋ ಪಾಪ” ಎಂದು ಕುದುರೆಯನ್ನು ತೆಗೆದುಕೊಂಡರು. ರೆಕ್ಸಿನ್‌ನ ರಾಜ ಒಂದೊಂದೇ ಮನೆ ನಡೆದು ಹೋಗಿ ಆ ಕಪ್ಪು ಮೂಲೆಯಲ್ಲಿ ಕೂತ. ಡಾಕ್ಟರು ಒಂಟೆಯನ್ನು ಈ ಕಡೆ ತಂದರು, ಆ ಕಡೆ ತಂದರು. ರಾಜನನ್ನು ತಂದರು. ಕಾಲಾಳನ್ನು ನೂಕಿದರು, ಇನ್ನೂ ನೂಕಿದರು. ಕೊನೆಗೆ ರೆಕ್ಸಿನ್‌ನ ರಾಜನಿಗೆ ಚೆಕ್ಕೂ ಇಲ್ಲ, ಹೋಗಲು ಮನೆಯೂ ಇಲ್ಲ. ಆಟ ಸಮ.

“ಛೆ, ಬುಡ ಅಲ್ಲಾಡ್ತಿದೆ, ಹಲ್ಲು ಬರ್ತಾ ಇಲ್ಲ!” ಎಂದರು ಡಾಕ್ಟರು. ಅವರಿಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. “ಒಂದು ಕೇಳ್ಲಾ? ಶುರುವಲ್ಲಿ ಆ ಒಂಟೆನ ಅಷ್ಟು ದೂರ ಕಳಿಸಿದ್ರಲ್ಲ, ಯಾಕೆ? ನಂಗೆ ಕಿರಿಕಿರಿ ಆಯ್ತು, ಹೋಗು ಅಂತ ಕಾಲಾಳು ನೂಕಿದೆ. ನೀವು ಏನು ಯೋಚನೆ ಮಾಡಿ ಇಟ್ಟಿದ್ರಿ?”

ಯಾಕೆ? ರೆಕ್ಸಿನ್ ಬೋರ್ಡನ್ನೇ ನೋಡಿದ. ಒಂದು ಪೂರಾ ತಿಂಗಳು ಆ ಒಂಟೆಯನ್ನು ಸೂಜಿಯ ಜೊತೆ ಚುಚ್ಚಿ ಚುಚ್ಚಿ ತಲೆಯೊಳಗೆ ಹೊಲಿದುಕೊಂಡಿದ್ದ. ಯಾಕೆ ಎಂದು ಗೊತ್ತಿರಲಿಲ್ಲ. ಈಗ ಗೊತ್ತಾಗಬೇಕಿತ್ತು. ಹಾಳೆಯ ಉಳಿದ ಸಾಲುಗಳೆಲ್ಲ ಹಾಳಾಗಿ ಹೋಗಲಿ. ಆ ಒಂದು ಜಾಗ, ತಾನು ಎಡವಿದ ಜಾಗ, ಅದನ್ನು ಅಕ್ಕನ ಎದುರು ಹಾಸಿ, ಅವಳು ಕಾಲಾಳನ್ನು ನೂಕಿ, ವಾಪಸ್ ತೆಗೆದುಕೊಳ್ಳದೆ, ಆಮೇಲೆ ಏನಾಗುತ್ತದೆ ಎಂದು ನೋಡಬೇಕೆನ್ನಿಸಿತು.

ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆದು ಕ್ಲಾಸು ಹೊರಗೆ ಚೆಲ್ಲಿತು. ಮಕ್ಕಳು, ಮಕ್ಕಳನ್ನು ಕರೆದೊಯ್ಯಲು ಬಂದವರು, ಎಲ್ಲರ ಹಿಂದೆ ಕೋಚು. ಪುಟ್ಟ ಹುಡುಗಿಯ ಅಪ್ಪ ಅವನನ್ನು ಬಾಗಿಲಲ್ಲೇ ಹಿಡಿದಿದ್ದ: “ಅಲ್ಲ ಕೋಚ್, ಪ್ಯಾಕೆಲ್ಲ ಪಾಠ ಆಗಿದೆ, ಆದ್ರೂ ಹೋದ ಭಾನುವಾರ ನೆರೆಮನೆ ಅಜ್ಜನ ಜೊತೆ ಸೋತು ಅಳ್ತಾ ಬಂದ್ಲಲ್ಲ?”

“ನೆರೆಮನೆ ಅಜ್ಜ ಸರಿಯಾದ ನಡೆ ಆಡಿರಲ್ಲ,” ಎಂದ ಕೋಚು. ಇಂಥ ಉತ್ತರ ಕೊಟ್ಟೂ ನೆಟ್ಟಗೆ ನಿಂತಿರಲು ಒಂದು ಬಗೆಯ ಬೆನ್ನುಮೂಳೆ ಬೇಕು. ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದ ಅವನ ಕಣ್ಣಿಗೆ ರೆಕ್ಸಿನ್‌ನ ಬೋರ್ಡು ಬಿತ್ತು. “ಏನಾಯ್ತು ಇಲ್ಲಿ?”

“ಸಮ,” ಎಂದರು ಡಾಕ್ಟರು.

ಕೋಚು ನಡೆ ಬರೆದ ಚೀಟಿ ಎತ್ತಿಕೊಂಡು ಮೇಲಿನಿಂದ ಓದತೊಡಗಿದ. ಐದನೇ ನಡೆಗೆ ಬಂದಾಗ ಅವನ ಹುಬ್ಬು ಗಂಟಾದದ್ದು ರೆಕ್ಸಿನ್‌ಗೆ ಕಂಡಿತು. ಈಗ ಹೇಳ್ತಾನೆ, ಎಂದುಕೊಂಡ. ಈಗ ಬರುತ್ತದೆ ಪ್ಯಾಂಟು. ನಾಲಿಗೆಯ ತುದಿಯಲ್ಲಿ ಮಾತು ಬಂದು ಸಾಲಾಗಿ ನಿಂತಿತು. ಒಂದು ಹೇಳಿದರೆ ಒಂದು, ಇನ್ನೊಂದು ಹೇಳಿದರೆ ಇನ್ನೊಂದು.

ಕೋಚಿನ ಹುಬ್ಬು ನಿಧಾನ ಬಿಚ್ಚಿಕೊಂಡಿತು. ಚೀಟಿಯಿಂದ ತಲೆಯೆತ್ತಿ, ಪುಟ್ಟ ಹುಡುಗಿಯ ಅಪ್ಪನನ್ನು ನೋಡಿ, ಸುತ್ತ ನಿಂತವರನ್ನು ನೋಡಿ, ಗಂಟಲು ಸರಿಮಾಡಿಕೊಂಡ.

“ಎಲ್ಲ ಇಲ್ಲಿ ನೋಡಿ!” ಎಂದ. “ಹೋದ ತಿಂಗಳು ಈ ಹುಡುಗನಿಗೆ ಏನೂ ಬರ್ತಿರಲಿಲ್ಲ. ನೆನಪಿದೆಯಾ? ಇವತ್ತು ಏನು ಆಡಿದಾನೆ ನೋಡಿ. ನಮ್ಮ ಪ್ಯಾಕಿನ ಓಪನಿಂಗು, ಅಕ್ಷರ ಅಕ್ಷರ. ಐದನೇ ನಡೇಲಿ ಒಂಟೆನೇ ಬಲಿ ಕೊಟ್ಟಿದಾನೆ! ಬೇಕು ಅಂತ ಕೊಟ್ಟಿದಾನೆ. ಎದುರಿನವರಿಗೆ ತಲೆ ಬುಡ ಗೊತ್ತಾಗದ ಹಾಗೆ. ಒಂಟೆ ಇಲ್ಲದೆ ಕೊನೆ ತನಕ ಹಿಡಿದು ನಿಂತ. ಇದನ್ನ ಓಪನಿಂಗಿನ ಶಕ್ತಿ ಅನ್ನೋದು.”

ಅಪ್ಪ ಅಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. ಪುಟ್ಟ ಹುಡುಗಿಯ ಅಪ್ಪ ಮಗಳ ಕಡೆ ಬಗ್ಗಿ, “ನೋಡಿದ್ಯಾ? ಇನ್ನೊಂದು ಸಲ ಪಾಠ ಮಾಡ್ಬೇಕು,” ಎಂದ. ಯಾರೋ ಚಪ್ಪಾಳೆ ಶುರುಮಾಡಿದರು. ಉಳಿದವರೂ ಸೇರಿದರು. ಅಂದು ನಕ್ಕವರ ಕೈಗಳೇ, ಅದೇ ಹೊಸ ಸೀಟುಗಳ ನಡುವಿನಿಂದ. ಡಾಕ್ಟರು ಮಾತ್ರ ಚಪ್ಪಾಳೆ ತಟ್ಟದೆ ರೆಕ್ಸಿನ್‌ನನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ‘ಖಂಡಿತಾನಾ?’ ಎಂದು ಕೇಳಿದ ಅದೇ ನೋಟ.

“ಸಮ ಆದ್ರೆ ನಾನು ಹೇಳಿದವರು ಅಂತ ಅವತ್ತೇ ಹೇಳಿದ್ದೆ,” ಎಂದ ಕೋಚು, ಅವನ ಹೆಗಲ ಮೇಲೆ ಕೈಹಾಕಿ ಜನರ ಕಡೆ ತಿರುಗಿಸಿ ನಿಲ್ಲಿಸುತ್ತ. “ನಾಲ್ಕನೇ ಬೋರ್ಡು ಇವನದೇ. ಇವನು ನಮ್ಮವನು. ಆಡಬಲ್ಲ! ಹೇಳಪ್ಪಾ, ನೀನೇ ಹೇಳು ಇವರಿಗೆಲ್ಲ. ಆ ಒಂಟೆ ಬಲಿ ನಮ್ಮ ಪ್ಯಾಕಿಂದ ತಾನೇ ಕಲಿತದ್ದು?”

ಬೇಕೆಂದು ಬಯಸಿದ ಮಾತು, ಬೇಕೆಂದು ಬಯಸಿದ ಬಾಯಿಂದಲೇ, ಅಷ್ಟೂ ಜನರ ಎದುರು ಬಂದಿತ್ತು. ಹೌದು ಎಂದರೆ ಸಾಕಿತ್ತು. ತಲೆ ಅಲ್ಲಾಡಿಸಿದರೂ ನಡೆಯುತ್ತಿತ್ತು. ನಾಲಿಗೆ ತುದಿಯಲ್ಲಿ ಸಾಲುಗಟ್ಟಿದ್ದ ಮಾತುಗಳು ಒಂದನ್ನೊಂದು ತಳ್ಳಾಡುತ್ತಿದ್ದವು. ಪ್ಯಾಂಟು ಹೊಲಿಯೋದು ನಂಗೆ ಬರುತ್ತೆ ಕೋಚ್. ಅದಂತೂ ಹಲ್ಲಿನ ತನಕ ಬಂದಿತ್ತು. ಆದರೆ ಕೋಚು ಪ್ಯಾಂಟಿನ ಮಾತೇ ಎತ್ತಿರಲಿಲ್ಲ.

ರೆಕ್ಸಿನ್ ಬಾಯಿ ಮುಚ್ಚಿಕೊಂಡ. ಹೆಗಲನ್ನು ಆ ಕೈಯ ಕೆಳಗಿನಿಂದ ಮೆಲ್ಲಗೆ ತೆಗೆದ. ಡಾಕ್ಟರು ಪಕ್ಕಕ್ಕಿಟ್ಟಿದ್ದ ಬಿಳಿ ಒಂಟೆಯನ್ನು ಎತ್ತಿ, ಆಟದ ಶುರುವಿನಲ್ಲಿ ಅದು ನಿಂತಿರಬೇಕಾದ ಮನೆಯಲ್ಲಿ ನಿಲ್ಲಿಸಿದ.

“ಏ, ಕೇಳಿದ್ದು ನಿನ್ನನ್ನೇ,” ಎಂದ ಕೋಚು. ಚಪ್ಪಾಳೆ ಅರ್ಧಕ್ಕೇ ತೆಳ್ಳಗಾಯಿತು. “ನಾಲ್ಕನೇ ಬೋರ್ಡು ಬೇಕೋ ಬೇಡ್ವೋ?”

ಅಷ್ಟೂ ಜನ ದಾರಿ ಬಿಟ್ಟರು. ಅವನು ಕುರ್ಚಿಗಳ ನಡುವೆ ಹಾದು, ಬಾಗಿಲು ದಾಟಿ, ಮೆಟ್ಟಿಲಿಳಿದು, ಸೈಕಲ್ ಅಂಗಡಿಯ ಮುಂದಿನಿಂದ, ಅಕ್ಕ ಇನ್ನೂ ಬಾಗಿಲು ಹಾಕಿರದ ಅಂಗಡಿಯ ಕಡೆಗೆ ನಡೆದುಬಿಟ್ಟ.